ಬಾವಿಯಲ್ಲಿ ಕಪ್ಪಾದ ಸೀರೆ

ತಿಕೋಟಾ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಸರಸ್ವತೀಬಾಯಿಯ ಪಕ್ಕ ಕುಳಿತಿದ್ದ ಹುಡುಗಿ, ವಿಡಿಯೋ ತೆಗೆಯುವ ಮುತ್ತುವಿನ ಮುಂದೆ ಮೊಬೈಲ್ ಹಿಡಿದಳು.

“ಮದವಿ ಮೊದಲಿನ ವಿಡಿಯೋ ಅಂತ ನಮ್ಮನ್ನ ಬಾವ್ಯಾಗ ಮುಳುಗಿಸಿದಿ. ನನ್ನ ಕೆಂಪ ಸೀರಿ ಕರ‍್ರಗ ಕಾಣಾಕತ್ತೈತಿ ನೋಡು.”

“ನೀರಾಗ ಕೆಂಪ ಬಣ್ಣನ ಮೊದಲ ಹೋಗತೈತ್ರಿ ಅಕ್ಕಾರ. ಆ್ಯಕ್ಷನ್ ಕ್ಯಾಮೆರಾಕ್ಕ ಕೆಂಪ ಫಿಲ್ಟರ್ ಹಾಕೂದು ಮರತೆ.”

“ಕರೀ ಸೀರಿ ಉಟ್ಟಾಕಿ ನಮಗ ಬ್ಯಾಡಂತ ಹುಡುಗನ ಅವ್ವ ಸಂಬಂಧ ಮುರದಾಳ.”

“ಬಣ್ಣ ಸರಿ ಮಾಡಿ ಕಳಸ್ತೇನ್ರಿ. ಅವರಿಗಿ ತೋರಸ್ರಿ.”

“ಯಾಕ ತೋರಸ್ಲಿ? ಆ ಸೀರಿ ಆರಿಸಿ ತಂದಾಂವನೂ ಅಂವ, ನನ್ನ ಕೈ ಹಿಡಕೊಂಡು ಬಾವ್ಯಾಗ ಇಳದಾಂವನೂ ಅಂವ. ಅವ್ವನ ಮುಂದ ಕೆಂಪ ಸೀರಿ ಅಂತ ಒಂದ ಮಾತ ಆಡಲಿಲ್ಲ.”

ವಿಜಯಪುರದ ಬಸ್ಸು ಬಂತು. ಸರಸ್ವತೀಬಾಯಿ ಕಾಲು ಸರಿಸಿ ದಾರಿ ಬಿಟ್ಟರು. ಹುಡುಗಿ ಹತ್ತಿ ಹೋದಳು.