ನೀಲಿ ಡಬ್ಬಿಯ ಸುದ್ದಿ

...ಬೂಟು ಆಮೇಲೆ ಹಾಕ್ಕೊಳ್ಳಿ ಅಳಿಯಂದ್ರೇ, ಕೂತ್ಕೊಳ್ಳಿ. ಬೆಳಿಗ್ಗೆ ಎದ್ದಾಗಿನಿಂದ ಒಂದೇ ರಾಗ. ಯಾರಿಗೆ ಹೇಳಿದ್ರಿ ಅತ್ತೆ, ಯಾರ ಹತ್ರ ಬಾಯಿಬಿಟ್ರಿ ಅತ್ತೆ... ಯಾರ ಹತ್ರಾನೂ ಇಲ್ಲ ಅಂತ ಹೇಳಿದ್ದಾಯ್ತಲ್ಲ. ನಿಮ್ಮ ಕಂಪನಿಯ, ಟಿವಿಗೆ ಸಿಕ್ಕಿಸಿ ಆಡೋ ಗೇಮ್ ಪೆಟ್ಟಿಗೆ ಅಂಗಡಿಗಳಲ್ಲಿ ಧೂಳು ತಿನ್ತಾ ಕೂತಿದೆ ಅಂದ್ರೆ, ಅದಕ್ಕೂ ಮನೆಯಲ್ಲಿ ಬಟ್ಟೆ ಮಡಚೋ ಮುದುಕಿಗೂ ಏನು ಸಂಬಂಧ?

ಯಾಕೆ ನಗ್ತೀರಿ? ನಗಿ, ನಗಿ. ಮದುವೆ ದಿನಾನೂ ಹೀಗೇ ಅರ್ಧ ತುಟಿಯಲ್ಲಿ ನಕ್ಕಿದ್ರಿ. ಆವತ್ತೇ ನನ್ನ ತಂಗಿಯ ಕಿವಿಯಲ್ಲಿ ಹೇಳಿದೆ, ಈ ಮನುಷ್ಯನ ಹೊಟ್ಟೆಯಲ್ಲಿ ಏನಿದೆ ಅಂತ ಹುಡುಗಿಗೆ ಯಾವತ್ತೂ ಗೊತ್ತಾಗಲ್ಲ ಕಣೇ ಅಂತ. ಒಂಬತ್ತು ವರ್ಷ ಆಯ್ತು. ಗೊತ್ತಾಗಿಲ್ಲ. ದೊಡ್ಡ ಇಂಜಿನಿಯರು ಅಂದ್ರು ಎಲ್ಲರೂ. ಸೇತುವೆ ಕಟ್ತಾರೇನೋ, ಅಣೆಕಟ್ಟು ಕಟ್ತಾರೇನೋ ಅಂದ್ಕೊಂಡೆ. ನೋಡಿದ್ರೆ ಆಟದ ಸಾಮಾನು.

ಗಡಿಯಾರ ಏನು ನೋಡ್ತೀರಿ? ಮೀಟಿಂಗು ಹನ್ನೊಂದಕ್ಕೆ ತಾನೇ, ಇನ್ನೂ ಹತ್ತಾಗಿಲ್ಲ. ಅಲ್ಲಿ ನೀವು ಕಡಿದು ಕಟ್ಟೆ ಹಾಕೋದೂ ಏನಿಲ್ಲ. ಆ ಬೆಕ್ಕುಗಣ್ಣಿಯನ್ನ ಕೆಲಸದಿಂದ ತೆಗೀತಾರೆ, ನೀವು ಪಕ್ಕದಲ್ಲಿ ತಲೆ ಬಗ್ಗಿಸ್ಕೊಂಡು ಕೂತಿರ್ಬೇಕು. ಅಷ್ಟೇ.

ಹೌದು, ಬೆಕ್ಕುಗಣ್ಣಿ ಅಂತಾನೇ ಅಂತೀನಿ. ಹೆಸರು ಹೇಳಿ ಮರ್ಯಾದೆ ಕೊಡೋಕೆ ಅವಳೇನು ನನಗೆ ಬೀಗಿತ್ತೀನಾ? ನಿಮ್ಮ ಪಕ್ಕದ ಮೇಜಿನಲ್ಲಿ ಕೂತು ಪೆಟ್ಟಿಗೆಯ ತಂತಿ ಜೋಡಿಸ್ತಾಳೆ, ಹಾಗೇ ಇನ್ನೂ ಬರದ ಹೊಸ ಪೆಟ್ಟಿಗೆಯ ಗುಟ್ಟನ್ನೂ ಊರಿಗೆಲ್ಲ ಹಂಚಿದಳು. ಎದುರಾಳಿ ಕಂಪನಿಯವನ ಜೊತೆ ಕಾಫಿ ಅಂಗಡಿಯಲ್ಲಿ ಕೂತಿದ್ದನ್ನ ಕಂಡವರಿದ್ದಾರೆ. ಯಾರಾ? ಕೆಳಗಿನ ಮನೆ ಟೈಲರಮ್ಮ. ಎರಡು ಲೋಟ ಕಾಫಿ, ಒಂದೇ ತಟ್ಟೆ, ಒಂದೇ ಕೇಕು, ಎರಡು ಚಮಚ. ನಾನು ಮೂರು ಸಲ ಕೇಳಿದೆ ಅವಳನ್ನ, ಚಮಚ ಎರಡೇನಾ, ಸರಿಯಾಗಿ ನೋಡಿದ್ಯಾ ಅಂತ.

ಏನು? ಅವನು ಅವಳ ಅಣ್ಣನಾ? ಒಡಹುಟ್ಟಿದ ಅಣ್ಣ?

...ಅಣ್ಣ ಆದ್ರೆ ಆಗ್ಲಿ ಬಿಡಿ. ಅಣ್ಣ ಎದುರಾಳಿ ಕಂಪನಿಯಲ್ಲಿದ್ರೆ ಇನ್ನೂ ಸುಲಭ ಆಯ್ತಲ್ಲ. ಟೈಲರಮ್ಮನಿಗೆ ಅದು ಹೇಳ್ಬೇಕು ಮತ್ತೆ, ಅವಳು ಆಗಲೇ ನಾಲ್ಕು ಮನೆಗೆ ಬೇರೆ ಥರ ಹೇಳ್ಬಿಟ್ಟಿದ್ದಾಳೆ.

ಹಾಗೆ ಮೂಗಿನಲ್ಲಿ ಉಸಿರು ಬಿಡ್ಬೇಡಿ. ನಿಮ್ಮ ಪೆಟ್ಟಿಗೆ ಮುಳುಗಿದ್ದು ಗುಟ್ಟು ಹೊರಬಿದ್ದದ್ದಕ್ಕಲ್ಲ, ತಿಳ್ಕೊಳ್ಳಿ. ಅದು ಹುಟ್ಟಿದಾಗಿನಿಂದಲೇ ಮುಳುಗ್ತಾ ಇತ್ತು. ನಾನು ಹೇಳ್ಲಾ ಯಾಕೆ ಅಂತ? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಹೇಳ್ತೀನಿ, ಕೇಳಿ. ಮೊದಲು ಅದರ ಬಾಯಿ ಮುಚ್ಚಿಸ್ಬೇಕಿತ್ತು. ಸ್ವಿಚ್ಚು ಒತ್ತಿದ ಹತ್ತು ನಿಮಿಷಕ್ಕೆ ಅದರೊಳಗಿನ ಫ್ಯಾನು ಗುಂಯ್ ಅನ್ನೋಕೆ ಶುರು ಮಾಡುತ್ತೆ, ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಇಟ್ಟಿದೀರಾ ಅಂತ ಕೇಳ್ತಾರೆ. ಮೇಲೆ ಒದ್ದೆ ಕಾಲುಚೀಲ ಹಾಕಿದ್ರೆ ಒಣಗುತ್ತೆ. ನಾನು ಹಾಕಿ ನೋಡಿದೀನಿ. ಮನೆಯ ಹೆಂಗಸು ಬೇಡ ಅಂದ ಸಾಮಾನು ಯಾವ ಮನೆಯಲ್ಲಿ ನಿಲ್ಲುತ್ತೆ ಹೇಳಿ? ನೀವು ಚಿತ್ರ ಎಷ್ಟು ಚೆನ್ನಾಗಿ ಬರುತ್ತೆ ಅಂತ ಜಾಹೀರಾತು ಹಾಕಿದ್ರಿ. ಹುಲ್ಲಿನ ಒಂದೊಂದು ಎಸಳೂ ಬೇರೆಬೇರೆ ಕಾಣುತ್ತಂತೆ. ಹುಲ್ಲು ನೋಡೋಕೆ ಯಾರು ಟಿವಿ ಹಾಕ್ತಾರೆ?

ಇನ್ನೊಂದು. ಆಡೋಣ ಅಂತ ಕೂತ್ರೆ ಆಡೋಕೆ ಬಿಡಲ್ಲ. ತಾಳಿ, ಹೊಸದೇನೋ ಇಳಿಸ್ಕೊಳ್ತಾ ಇದೀನಿ ಅನ್ನುತ್ತೆ. ಒಂದು ಗೆರೆ, ಅದು ಆಮೆ ಥರ ತೆವಳ್ತಾ ಹೋಗೋದು. ಅಷ್ಟೊತ್ತಿಗೆ ನಾನು ಅನ್ನ ಇಳಿಸಿ, ಪಾತ್ರೆ ತೊಳೆದು, ಕೈ ಒರೆಸ್ಕೊಂಡು ಬಂದಿರ್ತೀನಿ, ಇನ್ನೂ ತೆವಳ್ತಾ ಇರುತ್ತೆ. ಜೊತೆಗೆ ರಿಮೋಟು ಒಂದೇ. ಇಬ್ಬರು ಕೂತು ಆಡೋದು ನಿಮ್ಮ ಕಂಪನಿಯವರಿಗೆ ಗೊತ್ತೇ ಇಲ್ವಾ? ಹಳೇ ಪೆಟ್ಟಿಗೆಯ ಆಟಗಳು ಇದರಲ್ಲಿ ಓಡಲ್ಲ. ಜನ ಬೀರು ತುಂಬಾ ಇಟ್ಕೊಂಡಿದ್ದಾರೆ, ಅದನ್ನೆಲ್ಲ ಎಸೀಬೇಕಾ? ನನ್ನನ್ನ ಕೇಳಿದ್ರೆ... ನಿಮಗೆ ಕೇಳೋ ಅಭ್ಯಾಸ ಎಲ್ಲಿದೆ. ಫ್ಯಾನು ತೆಗೀರಿ, ಎರಡು ರಿಮೋಟು ಕೊಡಿ, ಹಳೇ ಆಟ ಓಡಿಸಿ, ಒತ್ತಿದ ತಕ್ಷಣ ಶುರು ಆಗೋ ಹಾಗೆ ಮಾಡಿ. ಎದ್ದು ಕೂರದೇ ಎಲ್ಲಿ ಹೋಗುತ್ತೆ ನಿಮ್ಮ ಪೆಟ್ಟಿಗೆ?

ಹ್ಞಾಂ? ನನಗೆ ಹೇಗೆ ಗೊತ್ತು ಅಂದ್ರೆ...

ಆಡ್ತೀನಿ. ಏನೀಗ? ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಈ ಮನೆಯಲ್ಲಿ ನನ್ನ ಜೊತೆ ಮಾತಾಡೋದು ಫ್ರಿಜ್ಜು ಒಂದೇ. ಆ ದೋಣಿ ಆಟ ಇದೆಯಲ್ಲ, ಸಾಮಾನು ತುಂಬಿಸಿ ಬಂದರಿನಿಂದ ಬಂದರಿಗೆ ಒಯ್ಯೋದು. ನಲವತ್ತೊಂದನೇ ಬಂದರಿಗೆ ಬಂದಿದೀನಿ. ನೀವು ಎಷ್ಟರಲ್ಲಿದೀರಿ? ...ಹದಿನೇಳಾ. ಸರಿ ಬಿಡಿ, ಮಾಡಿದವರಿಗೆ ಆಡೋಕೆ ಪುರುಸೊತ್ತಿರಲ್ಲ.

ಅದಕ್ಕೇ ಹೇಳ್ತಿದೀನಿ, ನೀವು ಮನೆಯಲ್ಲಿ ಗುಟ್ಟಾಗಿ ಮಾಡ್ತಿದ್ದ ಆ ಚಿಕ್ಕ ಹೊಸ ಪೆಟ್ಟಿಗೆ ಇತ್ತಲ್ಲ, ಅದು ಸರಿಯಾಗಿತ್ತು. ಹೊಗಳ್ತಿಲ್ಲ, ಇದ್ದದ್ದು ಹೇಳ್ತಿದೀನಿ. ಫ್ಯಾನಿಲ್ಲ, ಸದ್ದಿಲ್ಲ, ಹಳೇ ಆಟವೂ ಓಡ್ತಿತ್ತು. ಉರಿಯೋ ಒಲೆ ಪಕ್ಕ ಇಟ್ಟು ಎಷ್ಟು ಬಿಸಿ ತಡೆಯುತ್ತೆ ಅಂತ ನೋಡ್ತಿದ್ರಲ್ಲ ಭಾನುವಾರ ಎಲ್ಲಾ, ಬೆವರು ಒರೆಸ್ಕೊಳ್ತಾ. ಆದ್ರೆ ಆ ತಂತಿ ಗಂಟನ್ನ ತುಂಬಿಸೋಕೆ ನಿಮಗೆ ನನ್ನ ಡಬ್ಬೀನೇ ಬೇಕಿತ್ತಾ ಅಳಿಯಂದ್ರೇ? ನನ್ನ ನೀಲಿ ಡಬ್ಬಿ, ಅಂಗಿ ಗುಂಡಿ ಹಾಕಿಡೋದು. ನನ್ನ ಯಜಮಾನರು ಬಿಸ್ಕತ್ತು ತುಂಬಿಸಿ ತಂದಿದ್ದು, ಮೂವತ್ತು ವರ್ಷದ ಹಿಂದೆ. ಗುಂಡಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಡ್ರಿಲ್ಲು ತಗೊಂಡು ಗುಲಾಬಿ ಹೂವಿನ ಮುಚ್ಚಳಕ್ಕೆ ತೂತು ಮೇಲೆ ತೂತು... ಅತ್ತೆ, ತಗೋಬಹುದಾ ಅಂತ ಒಂದು ಮಾತು? ಇಲ್ಲ. ಆವತ್ತು ನಾನು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡೆ, ನೀವು ನನಗೆ ತಲೆನೋವು ಅಂದ್ಕೊಂಡ್ರಿ.

ಏನದು? ಫೋನಿನಲ್ಲಿ ಏನು ತೋರಿಸ್ತೀರಿ, ಕನ್ನಡಕ ಇಲ್ಲ ನನಗೆ. ಹತ್ರ ಹಿಡೀರಿ. ...ಓ, ಇದಾ. ಅಂಗಡಿ ಬಾಗಿಲಿಗೆ ಅಂಟಿಸಿದ್ದಾರಲ್ಲ, ಈ ಚಿತ್ರ. ಇದರ ಮೇಲೆ ಏನು ಬರೆದಿದ್ದಾರೆ? 'ಹೊಸದು ಬರ್ತಿದೆ, ಹಳೇದು ಕೊಳ್ಳಬೇಡಿ.' ನೋಡಿ, ನೋಡಿ, ಅಂಗಡಿಯವನೇ ಹೀಗೆ ಅಂಟಿಸಿದ ಮೇಲೆ ಯಾವ ದಡ್ಡ ಹಳೇದು ಕೊಳ್ತಾನೆ? ಲಾರಿಯಲ್ಲಿ ಹೋದದ್ದೆಲ್ಲ ಲಾರಿಯಲ್ಲೇ ವಾಪಸ್ ಬಂತು ಅಂದ್ರೆ ಆಶ್ಚರ್ಯ ಏನಿದೆ. ಇದನ್ನೇ ತಾನೇ ಮೀಟಿಂಗಿನಲ್ಲಿ ಬೆಕ್ಕುಗಣ್ಣಿಯ ಮುಂದೆ ಹಿಡೀತಾರೆ? ಹಿಡೀಲಿ. ಎಷ್ಟು ಸರಿಯಾಗಿ ಬರೆದಿದ್ದಾರೆ ನೋಡಿ. ನೀಲಿ ಬಣ್ಣ, ದುಂಡಗೆ, ಮುಚ್ಚಳದ ಮೇಲೆ ಗುಲಾಬಿ ಹೂವು, ಹೂವಿನ ಸುತ್ತ ತೂತುಗಳು. ಕಣ್ಣಾರೆ ಕಂಡವರು ಕೂತು ಹೇಳದೆ ಇಷ್ಟು ಬರೆಯೋಕೆ ಆಗಲ್ಲ. ಅವಳದೇ ಕೆಲಸ ಇದು, ನಾನು ಬರೆದು ಕೊಡ್ತೀನಿ.

ಯಾಕೆ ಹಾಗೆ ನೋಡ್ತೀರಿ?

...ಏನಂದ್ರಿ? ಆಫೀಸಿನಲ್ಲಿ ಇರೋದು ಕಪ್ಪಗೆ, ಚೌಕವಾಗಿ... ಪ್ಲಾಸ್ಟಿಕ್ಕಿಂದಾ? ನೀಲಿ ಡಬ್ಬಿ ಆಫೀಸಿಗೆ ಹೋಗೇ ಇಲ್ವಾ?

ಹೋಗೇ ಇಲ್ಲ.

ಮತ್ತೆ ಅವಳು... ಅವಳಿಗೆ ನೀವೇ ಹೇಳಿರ್ತೀರಿ. ಮನೆಯಲ್ಲಿ ಡಬ್ಬಿಯಲ್ಲಿಟ್ಟು ನೋಡ್ತಿದೀನಿ ಅಂತ. ಹೇಳಿಲ್ವಾ? ಕಂಪನಿಯ ಗುಟ್ಟಿನ ಸಾಮಾನು ಮನೆಗೆ ತರೋ ಹಾಗೇ ಇಲ್ಲ, ಅದಕ್ಕೆ ಒಂದು ನರಪಿಳ್ಳೆಗೂ ಹೇಳಿಲ್ವಾ... ಹಾಗಾದ್ರೆ ನಿಮ್ಮ ಹೆಂಡತಿ ಹೇಳಿರ್ಬೇಕು. ಅವಳ ಆಸ್ಪತ್ರೆಯಲ್ಲಿ ನರ್ಸುಗಳೆಲ್ಲ ಊಟದ ಹೊತ್ತಿಗೆ ಒಟ್ಟಿಗೆ ಕೂತು... ಇಲ್ಲ. ಇಲ್ಲ, ಬಿಡಿ. ಅವಳಿಗೆ ಅಷ್ಟು ನಾಲಿಗೆ ಇಲ್ಲ. ಅವಳ ಅಪ್ಪನ ಹಾಗೆ ಅವಳು. ಅವಳ ಮೇಲೆ ಹಾಕ್ಬಾರ್ದು.

ಗಾಳಿ ಬರ್ಲಿ ಅಂತ ಕಿಟಕಿ ತೆಗೆದಿಟ್ಟಿರ್ತೀರಿ, ಹಾದಿಯಲ್ಲಿ ಹೋಗೋರು ಯಾರಾದ್ರೂ... ಮೂರನೇ ಮಹಡಿ. ಹೌದು. ಮೂರನೇ ಮಹಡಿ.

ಏನಾದ್ರೂ ಅನ್ನಿ. ಬೈಯ್ರಿ ಬೇಕಾದ್ರೆ. ಬಾಯಿಗೆ ಬಂದದ್ದು ಬೈದು ಮುಗಿಸೋದು ಬಿಟ್ಟು ಹೀಗೆ ಗೋಡೆ ನೋಡ್ತಾ ಕೂತ್ರೆ ನಾನೇನು ಅಂತ ತಿಳ್ಕೊಳ್ಳಿ?

...ಬೀದಿ ಮೂಲೆಯ ಎಲೆಕ್ಟ್ರಿಕ್ ಅಂಗಡಿಗೆ ಹೋಗಿದ್ದೆ. ಬಲ್ಬು ತರೋಕೆ. ಬರೀ ಬಲ್ಬಿಗೆ. ಅಲ್ಲಿ ಒಬ್ಬ ಬಸ್ ಡ್ರೈವರು, ಯೂನಿಫಾರ್ಮಿನಲ್ಲೇ ಬಂದಿದ್ದ, ಮಗಳಿಗೆ ಅಂತ ನಿಮ್ಮ ದೊಡ್ಡ ಪೆಟ್ಟಿಗೆ ಎತ್ತಿಸ್ಕೊಂಡಿದ್ದ. ಮಗಳು ಹಾಸಿಗೆಯಲ್ಲೇ ಇರ್ತಾಳಂತೆ, ಸಣ್ಣ ಸದ್ದಿಗೂ ತಲೆ ಸಿಡಿಯುತ್ತಂತೆ ಅವಳಿಗೆ. ಅವನಿಗೆ ಆ ಗಿರಣಿ ಕಟ್ಟಿ ಕೊಡ್ತಿದ್ದಾನೆ ಅಂಗಡಿಯವನು, ಹಲ್ಲು ಬಿಟ್ಕೊಂಡು. ನಾನು ಬಾಯಿ ಮುಚ್ಕೊಂಡು ಇರ್ಬೇಕಿತ್ತಾ? ಮೂರು ತಿಂಗಳು ತಡ್ಕೊಳ್ಳಪ್ಪಾ ಅಂದೆ. ಚಿಕ್ಕದು ಬರುತ್ತೆ, ಉಸಿರೇ ಇಲ್ಲ ಅದಕ್ಕೆ, ಪಕ್ಕದಲ್ಲಿಟ್ಕೊಂಡು ಮಲಗಬಹುದು ಅಂದೆ. ಅಂಗಡಿಯವನು ನಕ್ಕ. ಅಜ್ಜಿ, ನಿಮಗೇನು ಗೊತ್ತು, ಹೋಗಿ ಬಲ್ಬು ತಗೊಳ್ಳಿ ಅಂದ. ಎಲ್ಲರ ಮುಂದೆ. ಅಲ್ಲಿ ಏಳೆಂಟು ಜನ ಇದ್ರು.

ನನಗೆ ಏನು ಗೊತ್ತು ಅಂತಾನೆ ಅವನು... ಪೆನ್ನು ಕೊಡು ಅಂದೆ. ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಹೀಗಿದೆ, ಇಷ್ಟೇ ಇದೆ, ಬಣ್ಣ ಇದು, ತೂತು ಇಲ್ಲಿ. ನಮ್ಮ ಅಡುಗೆಮನೆ ಮೇಜಿನ ಮೇಲಿದೆ, ನಮ್ಮ ಅಳಿಯಂದ್ರು ಮಾಡಿದ್ದು ಅಂದೆ. ಅವರ ಥರ ಮಾಡೋರು ಈ ಊರಿನಲ್ಲಿ ಇನ್ನೊಬ್ಬರಿಲ್ಲ ಅಂದೆ. ...ಹೌದು, ಅಂದೆ. ನಿಮ್ಮ ಮುಖಕ್ಕೆ ಹೇಳಿಲ್ಲ, ಹೇಳೋದೂ ಇಲ್ಲ ಅಂದ್ಕೊಂಡಿದ್ದೆ. ಡಬ್ಬಿ ಬರೀ ಡಬ್ಬಿ, ಮಾರೋಕೆ ಬರೋದು ಬೇರೆ ಥರ ಇರುತ್ತೆ ಅಂತ ನನಗೆ ಯಾರು ಹೇಳಿದ್ರು? ನಾನು ಅದನ್ನೇ ಮಾರ್ತೀರಿ ಅಂದ್ಕೊಂಡೆ. ನನ್ನ ಗುಲಾಬಿ ಊರೂರಿಗೆ ಹೋಗುತ್ತೆ ಅಂದ್ಕೊಂಡೆ.



ಹೇಳಿದೆನಲ್ಲ, ಅಷ್ಟೇ. ಮುಗೀತು. ಇನ್ನೇನು ಬೇಕು ನಿಮಗೆ? ಒಬ್ಬ ಅಂಗಡಿಯವನು ಹತ್ತು ಅಂಗಡಿಗೆ ಹೇಳಿದ್ರೆ ಅದು ನನ್ನ ತಪ್ಪಾ? ಎದ್ದು ಹೋಗಿ ಮೀಟಿಂಗಿಗೆ... ಯಾಕೆ ಏಳ್ತಿಲ್ಲ?

...ಫೋನಿನ ವಿಷಯ ನಿಮಗೆ ಗೊತ್ತಾ?

ಗೊತ್ತಿರಬೇಕು. ಇಲ್ಲಾಂದ್ರೆ ಇಷ್ಟೊತ್ತು ಹೀಗೆ ಕೂರ್ತಿರ್ಲಿಲ್ಲ. ಮೊನ್ನೆ ಮಧ್ಯಾಹ್ನ ನಿಮ್ಮ ಆಫೀಸಿನಿಂದ ಒಬ್ಬಳು ಮನೆ ಫೋನಿಗೆ ಮಾಡಿದ್ಲು. ಬಹಳ ಮರ್ಯಾದೆ, ಅಮ್ಮಾ ಅಮ್ಮಾ ಅಂತ. ಆ ಚಿತ್ರ ಹೊರಟಿದ್ದು ನಿಮ್ಮ ಮೂಲೆ ಅಂಗಡಿಯಿಂದ ಅಮ್ಮಾ, ನಿಮ್ಮ ಮನೆಗೆ ಆಫೀಸಿನವರು ಯಾರಾದ್ರೂ ಬರ್ತಾರಾ ಅಮ್ಮಾ, ಅವರು ಅಂಗಡಿಯವನ ಹತ್ರ ಮಾತಾಡೋದು ಕಂಡಿದೀರಾ ಅಮ್ಮಾ. ಬೆಕ್ಕುಗಣ್ಣಿನ ಹುಡುಗಿ ಒಬ್ಬಳು ಬರ್ತಾಳೆ ಅಂದ್ಬಿಟ್ಟೆ. ಅಂಗಡಿಯವನ ಜೊತೆ ಕಾಗದ ಪೆನ್ನು ಹಿಡಿದು ನಿಂತಿದ್ದನ್ನ ಕಂಡೆ ಅಂದೆ. ಅವಳು ನಮ್ಮ ಹೊಸಿಲು ತುಳಿದವಳೇ ಅಲ್ಲ. ಫೋಟೋದಲ್ಲಿ ನೋಡಿದ್ದು ನಾನು, ನಿಮ್ಮ ಆಫೀಸಿನ ಪಿಕ್ನಿಕ್ ಫೋಟೋದಲ್ಲಿ. ಕಣ್ಣು ಎದ್ದು ಕಾಣ್ತಿತ್ತು, ಅದೊಂದೇ ನೆನಪಿಗೆ ಬಂತು.

ನಿಮ್ಮ ಹೆಸರು ಬರಬಾರ್ದು ಅಂತ ಹಾಗಂದೆ. ನಿಮ್ಮ ಕೆಲಸ ಹೋಗ್ಬಾರ್ದು ಅಂತ.

...ಅಲ್ಲ. ನನ್ನ ಹೆಸರು ಬರಬಾರ್ದು ಅಂತ. ಈ ವಯಸ್ಸಲ್ಲಿ ಅಳಿಯನ ಮನೆಯಿಂದ ಹೊರಗೆ ಹಾಕಿಸ್ಕೊಂಡ್ರೆ ಎಲ್ಲಿಗೆ ಹೋಗ್ಲಿ ಅಂತ.

ಯಾರಿಗೆ ಫೋನ್ ಮಾಡ್ತಿದೀರಿ? ನನ್ನ ಕೈಗೆ ಯಾಕೆ ಕೊಡ್ತೀರಿ... ಮೊನ್ನೆ ಮಾಡಿದ್ದ ಅದೇ ಹೆಂಗಸಿಗಾ? ತಡೀರಿ, ತಡೀರಿ. ರಿಂಗಾಗ್ತಿದೆ. ನಾನು ಸುಳ್ಳು ಹೇಳಿದೆ ಅಂದ್ರೆ ಡಬ್ಬಿ ಎಲ್ಲಿ ನೋಡಿದ್ರಿ ಅಂತ ಕೇಳ್ತಾಳೆ. ಮನೆಗೆ ತಂದವರು ಯಾರು ಅಂತ ಕೇಳ್ತಾಳೆ. ಅದನ್ನೂ ಹೇಳ್ಲಾ? ಹೇಳಿದ್ರೆ ಆ ಹುಡುಗಿಯ ಕುರ್ಚಿ ಉಳಿಯುತ್ತೆ, ನಿಮ್ಮದು ಹೋಗುತ್ತೆ ಅಳಿಯಂದ್ರೇ, ಯೋಚನೆ ಮಾಡಿ.

ತಲೆ ಆಡಿಸಿದ್ರೆ ಆಗಲ್ಲ, ಬಾಯಲ್ಲಿ ಹೇಳಿ, ಹೂಂ ಅನ್ನಿ...

ಹಲೋ. ಹ್ಞಾಂ, ನಾನೇ ಅಮ್ಮಾ, ಮೊನ್ನೆ ಮಾತಾಡಿದ್ದೆನಲ್ಲ, ಅದು ಸುಳ್ಳು. ಬರ್ಕೊಳ್ಳಿ.