ಜೋಡಿಬಂಡೆ ಏರಿನ ಕೂಸು

ಶೆಡ್ಡಿನ ಹಿಂದೆ ಚಿಮಣಿಯಲ್ಲಿ ಬೇವಿನ ಗಿಡ ಬೆಳೆಸಿಕೊಂಡು ನಿಂತಿದ್ದ ಹಳೇ ಉಗಿ ಇಂಜಿನ್ನನ್ನು ರಿಪೇರಿ ಮಾಡಿ, ಕಪ್ಪು ಬಣ್ಣ ಬಳಿದು, ಸಣ್ಣ ಹಳಿಯ ಮೇಲೆ ಮತ್ತೆ ಓಡಿಸಿದ ವರ್ಷ ಅದು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಂಗಾರಪೇಟೆಯಿಂದ ಹೊರಟು ಕೋಲಾರದ ಬೆಟ್ಟಗಳ ಸಂದಿಯಲ್ಲಿ ಹಾದು, ಶ್ರೀನಿವಾಸಪುರದ ತನಕ ಹೋಗಿ ಸಂಜೆಗೆ ವಾಪಸ್ ಬರುವ ರೈಲು. ರಾಬರ್ಟ್‌ಸನ್‌ಪೇಟೆಯಿಂದ ನಾವು ಏಳೆಂಟು ಮಂದಿ, ಒಂದೇ ಆಫೀಸಿನವರು, ಭಾನುವಾರದ ಮೋಜಿಗೆಂದು ಬಂಗಾರಪೇಟೆಗೆ ಬಂದು ಹತ್ತಿದ್ದೆವು. ಟಿಫಿನ್ ಕ್ಯಾರಿಯರ್ ತುಂಬ ಚಿತ್ರಾನ್ನವಿತ್ತು, ಇಸ್ಪೀಟು ಇತ್ತು. ಬೆಟ್ಟ ನೋಡುವುದಕ್ಕೆ ಬೆಟ್ಟದ ಕಡೆಯ ಕಿಟಕಿ ಬೇಕಲ್ಲ, ಅಲ್ಲಿ ಮಾತ್ರ ಅಜ್ಜಿಯೊಬ್ಬರು ಮೊದಲೇ ಬಂದು ಕೂತುಬಿಟ್ಟಿದ್ದರು.

"ಜಾಗ ಬದಲಾಯಿಸ್ಕೊಳ್ಳೋಣವಾ ಅಜ್ಜಿ?" ಎಂದು ಕೇಳಿದೆ.

"ಯಾಕೆ? ಈ ಕಿಟಕೀಲಿ ಏನೈತೆ ಅಂತ ನಿಂಗ್ಯಾರು ಏಳಿದ್ರು?" ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಚಿತ್ರಾನ್ನ ಕೊಟ್ಟರೆ ಮೂಸಿ ನೋಡಿ, ನಾನು ಒಂದು ತುತ್ತು ತಿಂದ ಮೇಲೆಯೇ ತಾವು ಬಾಯಿಗಿಟ್ಟರು. ಅವರ ಹೆಸರು ಕದಿರಮ್ಮ, ಬಂಗಾರಪೇಟೆ ಪಕ್ಕದ ಹಳ್ಳಿಯವರು ಎಂದು ತಿಳಿದುಕೊಳ್ಳುವಷ್ಟರಲ್ಲಿ ಕೋಲಾರವೇ ಬಂದುಹೋಗಿತ್ತು.

ಕೋಲಾರ ದಾಟುತ್ತಲೇ ಮಳೆ ಹಿಡಿಯಿತು. ಹಾಡುಹಗಲಲ್ಲೇ ರೈಲಿನ ಡಬ್ಬಿಯೊಳಗೆ ಕತ್ತಲಾಯಿತು. ಎಲ್ಲರೂ ಕಿಟಕಿ ಇಳಿಸಿಕೊಂಡೆವು, ಅಜ್ಜಿ ಮಾತ್ರ ತಮ್ಮದನ್ನು ಮುಟ್ಟಲೂ ಬಿಡಲಿಲ್ಲ. ಬೆಟ್ಟದ ಬುಡದಲ್ಲಿ ಇಂಜಿನ್ನಿಗೆ ಉಸಿರು ಸಾಲದೆ ರೈಲು ನಿಂತುಬಿಟ್ಟಿತು. ಮುಂದೆ ಏರು ಇದೆ, ಉಗಿ ಕೂಡಿಕೊಳ್ಳಲಿ, ಯಾರೂ ಇಳಿಯಬೇಡಿ ಎಂದು ಗಾರ್ಡು ಕೂಗಿ ಹೇಳಿ ಹೋದ. ಅಜ್ಜಿಯ ಭುಜವೆಲ್ಲ ನೆನೆದಿತ್ತು. ಕಿಟಕಿ ಮುಚ್ಚಿಬಿಡಿ ಅಜ್ಜಿ, ಶೀತವಾಗುತ್ತೆ ಎಂದೆ. ಅದಕ್ಕೆ ಉತ್ತರವಾಗಿ ಅವರು ಹೇಳಿದ್ದು ಇದು. ಇಸ್ಪೀಟು ಕೆಳಗಿಟ್ಟು ನಾವೆಲ್ಲ ಕೇಳಿದೆವು.

"ಮುಚ್ಚಲ್ಲ. ಯಾಕೆ ಅಂತ ಏಳ್ತೀನಿ, ಕೇಳಿ. ನಂಬೋದು ಬಿಡೋದು ನಿಮ್ಗೆ ಬಿಟ್ಟಿದ್ದು... ನಾನಾಗಿದ್ರೆ ನಂಬ್ತಿರ್ಲಿಲ್ಲ.

ಮುಂದಿನ ಏರಿಗೆ ಜೋಡಿಬಂಡೆ ಏರು ಅಂತಾರೆ. ಎಳ್ಡು ದೊಡ್ಡ ಬಂಡೆ, ನಡುವೆ ಈ ರೈಲು ತೂರೋವಷ್ಟೇ ಜಾಗ. ಯಾವ ಕಡೆಯಿಂದ ಬಂದ್ರೂ ಏರೇ. ಅಲ್ಲಿ ಸ್ಟೇಷನ್ನಿಲ್ಲ, ಏನಿಲ್ಲ. ಆದ್ರೆ ಹಿಂದೆ ಈ ಇಂಜಿನ್ನು ಅಲ್ಲಿಗೆ ಬಂದ್ರೆ ತುಂಬಿದ ಬಸುರಿ ನಡೆದಂಗೆ ನಡೀತಿತ್ತು, ಇಳಿದು ಸೀತಾಫಲ ಕಿತ್ಕೊಂಡು ಮತ್ತೆ ಹತ್ತಬೋದಾಗಿತ್ತು. ಸುತ್ತಮುತ್ತಿನ ಹೊಲದೋರೆಲ್ಲ ಅಲ್ಲೇ ಹತ್ತೋರು. ಮೊದ್ಲು ಗಂಟು, ಆಮ್ಯಾಲೆ ಕೂಸು, ಕಿಟಕೀಲಿ ಒಳಗಿದ್ದೋರ ಕೈಗೆ ಕೊಟ್ಟು, 'ಇಸ್ಕೊ ಅಕ್ಕ, ಬಾಗ್ಲಾಗೆ ಬತ್ತೀನಿ' ಅಂತ ಓಡಿ ಬಂದು ಹತ್ಕೊಳ್ಳೋರು. ಯಾರ ಕೂಸು, ಯಾರ ಮಡಿಲು ಅಂತ ಯಾರೂ ಕೇಳ್ತಿರ್ಲಿಲ್ಲ. ನಾನೊಬ್ಳೇ ಇಸ್ಕೊಂತಿರ್ಲಿಲ್ಲ. ಇನ್ನೊಬ್ರ ಕೂಸು ಇಸ್ಕೊಂಡು, ಅದರ ಕೈ ಬಳೆ ಕಳೆದೋಯ್ತು ಅಂದ್ರೆ ಯಾರು ಜವಾಬ್ದಾರಿ? ನಂಗೆ ಹುಟ್ಟಿದಾಗಿಂದ ಅನುಮಾನ ಕಣಪ್ಪಾ, ಏನು ಮಾಡ್ಲಿ.

ನನ್ ತಂಗಿ ಮುನಿರತ್ನಮ್ಮ ಅಂಗಲ್ಲ. ಬಾಗ್ಲಿಗೆ ಬಂದೋರನ್ನೆಲ್ಲ ಕರೆದು ಕೂರ್ಸೋಳು. ಅಕ್ಕತಂಗೀರನ್ನ ಒಂದೇ ಮನೆ ಅಣ್ಣತಮ್ಮಂದಿರಿಗೆ ಕೊಟ್ಟಿದ್ರು. ನಂಗೆ ಮೂರು ಮಕ್ಳು, ರತ್ನಿಗೆ ಒಂದೂ ಇಲ್ಲ. ಅವಳ ಗಂಡನಿಗೆ ಒಳಗೊಳಗೇ ಇನ್ನೊಂದು ಎಣ್ಣು ನೋಡ್ತಾವ್ರೆ ಅಂತ ನಂಗೆ ಗುಮಾನಿ. ಅವಳಿಗೆ ಏಳಿದ್ರೆ, 'ನಮ್ಮೋರು ಅಂಗೆಲ್ಲ ಮಾಡಲ್ಲ ಬಿಡಕ್ಕ' ಅನ್ನೋಳು. ಪೆದ್ದಿ.

ಎಮರ್ಜೆನ್ಸಿ ಮುಗಿದ ವರ್ಷ. ಇಬ್ರೂ ತವರಿಗೆ ಓಯ್ತಿದ್ವಿ, ಶ್ರೀನಿವಾಸಪುರದ ಕಡೆ. ಇದೇ ಇಂಜಿನ್ನು, ಇದರ ಕೂಗು ನಂಗೆ ಗೊತ್ತಾಗಲ್ವಾ? ಮಟಮಟ ಮಧ್ಯಾಹ್ನ. ದೆವ್ವ ಅಂದ್ರೆ ರಾತ್ರಿ ಬತ್ತವೆ ಅಂತೀರಲ್ಲ... ಯಾರು ಏಳಿದ್ದು ನಿಮ್ಗೆ? ಜೋಡಿಬಂಡೆತಾವ ಒಬ್ಬ ಎಣ್ಣುಮಗಳು ತಲೆ ಮ್ಯಾಲೆ ಸೆರಗು ಆಕ್ಕೊಂಡು, ಕೂಸು ಎತ್ಕೊಂಡು ಓಡಿ ಬಂದ್ಳು. 'ಇಸ್ಕೊ ಅಕ್ಕ, ಬಾಗ್ಲಾಗೆ ಬತ್ತೀನಿ.' ನಾನು ಕೈ ಕಟ್ಕೊಂಡು ಕೂತೆ. ರತ್ನಿ ನನ್ ಮ್ಯಾಲಿಂದ ಬಗ್ಗಿ ಇಸ್ಕೊಂಡೇಬಿಟ್ಳು.

ರೈಲು ಬಂಡೆ ದಾಟ್ತು. ಇಳಿಜಾರು ಇಡೀತು. ಬಾಗ್ಲಾಗೆ ಯಾರೂ ಬರ್ಲಿಲ್ಲ.

ಅಲ್ಲಿ ಕುಪ್ಪುಸ್ವಾಮಿ ಅಂತ ಒಬ್ರು ಕಾಲು ಇಳಿಬಿಟ್ಕೊಂಡು ಬೀಡಿ ಸೇದ್ತಾ ಕೂತಿದ್ರು. ಕೆಜಿಎಫ್ ಚಿನ್ನದ ಗಣಿ, ಮೈಸೂರು ಮೈನ್ಸಲ್ಲಿ ಕೆಲಸ ಮಾಡಿ ರಿಟೈರಾದೋರು. ಯಾರು ಹತ್ತಿದ್ರು ಅಂತ ಕೇಳಿದ್ರೆ, 'ಯಾರೂ ಇಲ್ಲೆ ಅಮ್ಮಾ' ಅಂದ್ರು. ನಂಗೆ ಮೊದ್ಲು ಏನನ್ನಿಸ್ತು ಗೊತ್ತಾ? ಯಾರೋ ಕದ್ದು ಹೆತ್ತಿದ್ದು, ನಮ್ ತಲೆಗೆ ಕಟ್ಟಿ ಓದ್ಳು ಅಂತ. ಆಮ್ಯಾಲೆ ರತ್ನಿ ಮ್ಯಾಲೇ ಅನುಮಾನ ಬಂತು... ಇವಳೇ ಮೊದ್ಲೇ ಮಾತಾಡ್ಕೊಂಡು ಕೂಸು ತರ್ಸಿದ್ಳಾ? ನನ್ ಬುದ್ಧಿ ನೋಡಿ ಎಂಥದು! ಕೊನೆಗೆ ಕೂಸಿನ ಮ್ಯಾಲೆ ಬಂತು. ಅಳು ಇಲ್ಲ, ಕದಲಾಟ ಇಲ್ಲ, ಕಣ್ಣು ಮಾತ್ರ ತೆರ್ಕೊಂಡೈತೆ. ಎಳೆ ಕೂಸಿನ ನೆತ್ತಿ ಮೂಸಿದ್ರೆ ಏನು ವಾಸನೆ ಬತ್ತದೆ? ಹಾಲು, ಹರಳೆಣ್ಣೆ. ಇದರ ನೆತ್ತಿ ಇಂಜಿನ್ ಬೂದಿ ವಾಸನೆ ಬತ್ತಿತ್ತು.

ಕುಪ್ಪುಸ್ವಾಮಿ ಎದ್ದು ಬಂದು ಕೂಸಿನ ಮುಖ ನೋಡಿದ್ರು, ನೋಡಿ ಬೀಡಿ ಎಸೆದ್ಬಿಟ್ರು. 'ಅಮ್ಮಾ, ವೇಂಡಾಂ, ಈ ಮಗು ಬೇಡ. ನಾನು ಮೈನ್ಸ್‌ಗೆ ಸೇರಿದ ಹೊಸದು, ಒಂದು ಪೊಣ್ಣು ಇದೇ ಏರಲ್ಲಿ ಇದೇ ತರ ಮಗೂನ ಒಳಗೆ ಕೊಟ್ಟು ಬಾಗ್ಲಿಗೆ ಓಡಿ ಬಂತು. ಕಾಲು ಜಾರಿ ಗಾಲಿ ಕೆಳಗೆ ಓಯ್ತು. ನಾನು ನೋಡಿದೆ. ಮಗು ನನ್ ಪಕ್ಕದೋರ ಮಡ್ಲಲ್ಲಿತ್ತು, ಪಾವಂ, ಅದೂ ಜ್ವರ ಬಂದು ಓಯ್ತು. ಈ ಮುಖಾನೇ ಅಮ್ಮಾ. ವಾಪಸ್ ಬರೋವಾಗ ಕಿಟಕೀಲೇ ಕೊಟ್ಬಿಡಿ. ಏನೇ ಆಗ್ಲಿ, ಇಳೀಬೇಡಿ' ಅಂದ್ರು. ಈಯಪ್ಪನ್ನ ನಂಬೋದಾ ಬೇಡ್ವಾ ಅಂತ ನಂಗೆ ಅದೊಂದು ಅನುಮಾನ ಬೇರೆ.

ತವರಲ್ಲಿ ಇದ್ದಷ್ಟು ದಿನ ಕೂಸು ಒಂದು ತೊಟ್ಟು ಹಾಲು ಕುಡೀಲಿಲ್ಲ, ಕಣ್ಣು ಮುಚ್ಚಲಿಲ್ಲ. ರತ್ನಿ ಮಾತ್ರ ಅದನ್ನ ನೆಲಕ್ಕೆ ಬಿಡ್ಲಿಲ್ಲ. ಅವಳು ಅಂಗೆ ನಕ್ಕಿದ್ದನ್ನ ನಾನು ಅವಳ ಮದುವೇಲೂ ನೋಡಿರ್ಲಿಲ್ಲ ಕಣಪ್ಪಾ. ಇದನ್ನ ಕಿತ್ಕೊಬೇಕಲ್ಲ ಅಂತ ನಾನು ನಮ್ಮವ್ವನ್ನೇ ಮುಂದೆ ಬಿಟ್ಟೆ. ನಮ್ಮವ್ವ ಬೈದು, ಕಾಲು ಇಡ್ಕೊಂಡು, ವಾಪಸ್ ಕೊಡೋಕೆ ಕೊನೆಗೂ ಒಪ್ಪಿಸಿದ್ಳು.

ವಾಪಸ್ ಬತ್ತಾ ಜೋಡಿಬಂಡೆತಾವ ಆವಮ್ಮ ಬಂದ್ಳು. ಈ ಸಲ ಕೈ ಖಾಲಿ. 'ಕೊಡಕ್ಕ, ನನ್ ಕೂಸು ಕೊಡಕ್ಕ.' ರತ್ನಿ ಕಿಟಕೀಲಿ ಕೊಟ್ಳು... ಕೈಗೆ ಕೈ ಸಿಗವಲ್ದು. ಎಷ್ಟು ಬಗ್ಗಿದ್ರೂ ಒಂದು ಗೇಣು ಕಮ್ಮಿ. ಆವಮ್ಮ ಅಳ್ತಾ ಓಡ್ತಾವ್ಳೆ. 'ಪಾಪ ಕಣಕ್ಕ, ಹೆತ್ತೋಳು' ಅಂತ ರತ್ನಿ ಎದ್ದೇಬಿಟ್ಳು. ನಾನು ಸೊಂಟ ಇಡ್ಕೊಂಡೆ, 'ಇಳೀಬ್ಯಾಡ ಕಣೇ, ಅದು ಅಳೋದು ಸುಳ್ಳು ಕಣೇ' ಅಂತ ಬಡ್ಕೊಂಡೆ. ಕೊಸರ್ಕೊಂಡು ಓಗಿ ಇಳಿದ್ಳು.

ಈಗ ಕೇಳಿ. ಆ ಎಣ್ಣುಮಗಳು ಕೂಸು ಇಸ್ಕೊಳ್ಳಲೇ ಇಲ್ಲ! ಅಳು ನಿಲ್ಸಿದ್ಳು. ಸೆರಗಲ್ಲಿ ಮುಖ ಒರೆಸ್ಕೊಂಡ್ಳು. ಕಳೆ ಕಿತ್ತು ಮನೆಗೆ ಓಗೋರಂಗೆ ಬೆಟ್ಟದ ಕಡೆ ನಡ್ಕೊಂಡು ಓದ್ಳು, ತಿರುಗೀನೂ ನೋಡ್ಲಿಲ್ಲ. ನನ್ ರತ್ನಿ ಕೂಸು ಎತ್ಕೊಂಡು ರೈಲ್ ಪಕ್ಕ ಓಡೋಕೆ ಶುರು ಮಾಡಿದ್ಳು.

ನಾನು ಕೂಗಾಡಿ ರೈಲು ನಿಲ್ಲೋ ಅಷ್ಟೊತ್ತಿಗೆ ಅಲ್ಲಿ ಯಾರೂ ಇಲ್ಲ. ಬಂಡೆ, ಸೀತಾಫಲದ ಗಿಡ, ಅಷ್ಟೆ. ಊರಲ್ಲಿ ಏನಂದ್ರು? ಮೈನ್ಸ್ ಹುಡುಗನ ಜತೆ ಓಡೋದ್ಳು ಅಂದ್ರು. ಪೊಲೀಸ್ನೋರು ನನ್ ಮ್ಯಾಲೇ ಅನುಮಾನ ಪಟ್ರು. ಅವಳ ಗಂಡ ಶ್ರಾವಣ ಕಳೆಯೋದ್ರೊಳಗೆ ಇನ್ನೊಂದು ಕಟ್ಕೊಂಡ.

ಆಮ್ಯಾಲೆ ನಾನು ಈ ದಾರೀಲಿ ಎಷ್ಟು ಸಲ ಬಂದೆನೋ... ಪ್ರತಿ ಸಲಾನೂ ರತ್ನಿ ಆ ಕೂಸು ಎತ್ಕೊಂಡು ಕಿಟಕಿತಾವ ಬತ್ತಿದ್ಳು. ಅದೇ ಮುಖ, ಅದೇ ಮೂಗುಬಟ್ಟು. 'ಇಸ್ಕೊ ಅಕ್ಕ, ಬಾಗ್ಲಾಗೆ ಬತ್ತೀನಿ.' ಕಿಟಕೀಲಿ ಯಾರು ಯಾರನ್ನ ಅಕ್ಕ ಅನ್ನಲ್ಲ ಏಳಿ? 'ನಮ್ಮವ್ವನ ಎಸ್ರೇನೇ? ಏಳು, ಇಸ್ಕೊಂತೀನಿ' ಅಂದೆ. ತಿರುಗಾ ಅದೇ ಮಾತು. ಅವಳೇನಾ? ಇಲ್ಲ, ಅವಳ ಮುಖ ಇಟ್ಕೊಂಡು ಬೇರೆ ಏನೋ ಬಂದೈತಾ? ಕೈ ಚಾಚೋಕೆ ನನ್ ಕೈಲಾಗ್ಲಿಲ್ಲ. ನೀವಾಗಿದ್ರೆ ಚಾಚ್ತಿದ್ರಾ? ಅಷ್ಟರಲ್ಲಿ ಡೀಸೆಲ್ ಬಂತು, ಇದನ್ನ ಶೆಡ್ಡಿನ ಹಿಂದಕ್ಕೆ ತಳ್ಳಿದ್ರು. ಡೀಸೆಲ್ ರೈಲಿಗೆ ಅವಳು ಒಂದು ಸಲಾನೂ ಬರ್ಲಿಲ್ಲ."

ಅಜ್ಜಿ ಅಲ್ಲಿಗೆ ನಿಲ್ಲಿಸಿದರು. ನಮ್ಮ ಪೆರುಮಾಳ್ ಯಾವಾಗಲೂ ಎಲ್ಲದಕ್ಕೂ ನಗುವವನು. "ಇವತ್ತು ಬತ್ತಾಳಾ ಅಜ್ಜಿ?" ಎಂದು ನಗುತ್ತಲೇ ಕೇಳಿದ. ಆಗಲೇ ಇಂಜಿನ್ನು ಕೂಗಿತು, ಡಬ್ಬಿ ಒಮ್ಮೆ ಜಗ್ಗಿ ಮುಂದಕ್ಕೆ ಹೊರಟಿತು. ಏರು ಸಿಕ್ಕಿದ್ದು ಕೂತಲ್ಲೇ ತಿಳಿಯಿತು. ಒಂದೊಂದು ಗಾಲಿಯೂ ಯೋಚನೆ ಮಾಡಿ ಉರುಳುತ್ತಿತ್ತು. ಅಜ್ಜಿಯ ತೆರೆದ ಕಿಟಕಿಯಲ್ಲಿ ಬೆಟ್ಟ ಹತ್ತಿರ ಹತ್ತಿರ ಬಂತು. ನನ್ನ ಕೈಯ ಕೂದಲು ಎದ್ದು ನಿಂತಿದ್ದನ್ನು ಯಾರೂ ನೋಡದಿರಲೆಂದು ತೋಳು ಮುಚ್ಚಿಕೊಂಡೆ.

"ಇದನ್ನ ಮತ್ತೆ ಓಡ್ಸ್ತಾರೆ ಅಂತ ಕೇಳಿದ ದಿನದಿಂದ ನಾನು ಸರಿಯಾಗಿ ಅನ್ನ ಉಂಡಿಲ್ಲ" ಎಂದು ಅಜ್ಜಿ ಮೆಲ್ಲಗೆ ಹೇಳಿದರು. "ಅವಳೋ ಅಲ್ವೋ ನಂಗೆ ಇವತ್ತಿಗೂ ಗೊತ್ತಿಲ್ಲ. ಆದ್ರೆ ಅವಳೇ ಆಗಿದ್ರೆ? ಈ ಮಳೇಲಿ ಓಡ್ತಾನೇ ಅವ್ಳಲ್ಲಪ್ಪಾ ನನ್ ತಂಗಿ... ಒಬ್ರೂ ಇಸ್ಕೊಳ್ಳೋರಿಲ್ಲ. ಇಷ್ಟು ವರ್ಷ ಅನುಮಾನ ಪಟ್ಟು ನಂಗೇನು ಸಿಕ್ತು? ನಂಗೆ ಅವಳು ಬೇಕು. ಈಗ ಕೂಸು ಇಸ್ಕೊಂತೀನಿ. ಸಂಜೆ ವಾಪಸ್ ಬರೋವಾಗ ನಾನು ಇಲ್ಲಿ ಇಳೀತೀನಿ, ಯಾರೂ ತಡೀಬ್ಯಾಡಿ. ಅವಳು ಮುಖ ಒರೆಸ್ಕೊಂಡು ಮನೆಗೆ ಓಗ್ಲಿ."

ಬಂಡೆಯ ನೆರಳು ಡಬ್ಬಿಯ ಮೇಲೆ ಬಿತ್ತು. ಅಜ್ಜಿ ಎದ್ದು ನಿಂತು, ಎರಡು ಕೈಯನ್ನೂ ಮಳೆಯೊಳಕ್ಕೆ ಚಾಚಿದರು. ನಾನು ಆ ಕಡೆ ನೋಡಲಿಲ್ಲ. ಪೆರುಮಾಳ್ ನೋಡಿದ, ನೋಡಿದವನು ಬೆಂಚಿನ ಆ ತುದಿಗೆ ಸರಿದು ಕೂತ. ಅವನು ಆ ದಿನ ಆಮೇಲೆ ನಗಲಿಲ್ಲ. ಅಜ್ಜಿ ಹೊರಗೇ ಮುಖ ಮಾಡಿಕೊಂಡು, ನಮಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನಾಳೆ ನಾಳಿದ್ದು ನೀವು ಮತ್ತೆ ಈ ರೈಲಲ್ಲಿ ಬಂದ್ರೆ ಈ ಏರಲ್ಲಿ ನಾನೇ ಕಿಟಕಿತಾವ ಓಡಿ ಬತ್ತೀನಿ. ನಿಮ್ ಗುರುತು ಇಡೀತೀನಿ. ಅಳ್ತೀನಿ. 'ಅಪ್ಪಾ, ಒಂದು ಗಳಿಗೆ ಇಸ್ಕೊಳಪ್ಪಾ' ಅಂತೀನಿ... ನಾನೇ ಆಗಿದ್ರೂ ಅಷ್ಟೇ. ನನ್ನ ನಂಬಬ್ಯಾಡಿ."