ಬಂಡೆಯ ಮೇಲೆ ಸಿಕ್ಕ ವಾಟರ್‌ಪ್ರೂಫ್ ಪ್ಯಾಂಟಿನ ಬಗ್ಗೆ ಯೋಗೀಶ ಕೊಟ್ಟ ಹೇಳಿಕೆ

ಹೆಸರು ಯೋಗೀಶ, ವಯಸ್ಸು ೪೧, ಲಾ ಹೋಯಾದ ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ಟೆಕ್ನಿಶಿಯನ್, ವಾಸ ಮೀರಾ ಮೆಸಾ, ಸ್ಯಾನ್ ಡಿಯೇಗೊ. ಪೊಲೀಸ್ ಅಧಿಕಾರಿಗೆ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿ ಎರಡು ಸಲವೂ ಬೇರೆ ಬೇರೆಯಾದ್ದರಿಂದ, ದುಭಾಷಿ ನಿರುಪಮಾ ಅವರ ಮುಂದೆ ಕನ್ನಡದಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ಬರ್ಬ್ಯಾಂಕಿನಲ್ಲಿ ಸ್ಟುಡಿಯೋ ಕ್ಯಾಮೆರಾ ರಿಪೇರಿ ಮಾಡುವ ಗುಲಾಮ್ ಮೊಹಿಯುದ್ದೀನ್ ಮತ್ತು ನಾನು ಮೈಸೂರಿನಲ್ಲಿ ಒಟ್ಟಿಗೆ ಪಾಲಿಟೆಕ್ನಿಕ್ ಓದಿದವರು. ಅವರಿಗೆ ಹಕ್ಕಿ ಬೇಟೆಯ ಹುಚ್ಚು, ಲೈಸೆನ್ಸ್ ಇದೆ. ನಾನು ಮಾಂಸ ತಿನ್ನುವುದಿಲ್ಲ. ಸುಮ್ಮನೆ ಜೊತೆಗೆ ನಡೆಯುತ್ತೇನೆ, ಕಾಫಿ ಫ್ಲಾಸ್ಕ್ ಹೊರುತ್ತೇನೆ.

ದಿನಾಂಕ ೧೬-೧-೧೯೯೩ರ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನಾವು ಪಾಲೊಮಾರ್ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಕಾಡಿಗೆ ಇಳಿದೆವು. ವಾರವಿಡೀ ಮಳೆಯಾಗಿತ್ತು. ಗುಲಾಮ್ ಹೊಸದಾಗಿ ಕೊಂಡ ವಾಟರ್‌ಪ್ರೂಫ್ ಪ್ಯಾಂಟ್ ಹಾಕಿದ್ದರು. ಒದ್ದೆ ಪೊದೆಗಳಲ್ಲಿ ಎರಡು ಗಂಟೆ ನಡೆದ ಮೇಲೂ ಒಳಗೆ ಒಂದು ಹನಿ ಇಳಿದಿಲ್ಲ ನೋಡು ಎಂದು ನನ್ನ ಕೈ ಹಿಡಿದು ತಮ್ಮ ಮೊಣಕಾಲು ಮುಟ್ಟಿಸಿದರು. ನನ್ನ ಜೀನ್ಸ್ ಆಗಲೇ ತೊಪ್ಪೆಯಾಗಿತ್ತು.

ಹತ್ತೂವರೆಗೆ ಹಳ್ಳ ದಾಟುವಾಗ ಅವರು ಜಾರಿ ಸೊಂಟದವರೆಗೆ ಮುಳುಗಿದರು. ನೀರು ಪ್ಯಾಂಟಿನ ಮೇಲಿಂದ ಒಳಗೆ ಹೋಯಿತು. ಕಣಕಾಲಿನ ಪಟ್ಟಿ ಬಿಗಿಯಾಗಿದ್ದರಿಂದ ಹೊರಗೆ ಬರಲಿಲ್ಲ. ಎರಡು ಕಾಲೂ ನೀರು ತುಂಬಿದ ಚೀಲದಂತಾದವು. ದಡಕ್ಕೆ ಎಳೆದು ಪಟ್ಟಿ ಸಡಿಲಿಸಿ ನೀರು ಸುರಿಸಿದವನು ನಾನೇ. ಪ್ಯಾಂಟು ಬಿಚ್ಚಲಿಲ್ಲ.

ಅರ್ಧ ಗಂಟೆ ನಡೆಯುವಷ್ಟರಲ್ಲಿ ಅವರ ಮಾತು ತೊದಲಿತು. ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರು. ಆಮೇಲೆ ಕಾಲು ಏಳಲಿಲ್ಲ. ಬಂಡೆಯ ಮರೆಯಲ್ಲಿ ಕೂರಿಸಿ, ನನ್ನ ಸ್ವೆಟರ್ ಹೊದಿಸಿ, ಇಲ್ಲೇ ಇರಿ, ಏಳಬೇಡಿ ಎಂದು ಹೇಳಿ, ಒಂದೂವರೆ ಮೈಲಿ ದೂರದ ಕಾರಿಗೆ ಓಡಿದೆ. ರಸ್ತೆ ಬದಿಯ ಅಂಗಡಿಯಿಂದ ಫೋನ್ ಮಾಡಿದೆ.

ರಕ್ಷಣಾ ತಂಡದ ಇಬ್ಬರೊಂದಿಗೆ ವಾಪಸ್ಸಾದಾಗ ಒಂದು ಗಂಟೆ ದಾಟಿತ್ತು. ಗುಲಾಮ್ ಇರಲಿಲ್ಲ. ಬಂಡೆಯ ಮೇಲೆ ಪ್ಯಾಂಟು, ಜಾಕೆಟ್, ಅಂಗಿ, ನನ್ನ ಸ್ವೆಟರ್ ಇದ್ದವು. ಪಕ್ಕದಲ್ಲೇ ಬಂದೂಕು ಒರಗಿತ್ತು. ಅಷ್ಟು ಚಳಿಯಲ್ಲಿ ಯಾರಾದರೂ ಬಟ್ಟೆ ಬಿಚ್ಚಿಡುತ್ತಾರೆಯೇ? ಯಾರೋ ಬಂದು ಹೋಗಿದ್ದಾರೆ ಎಂದು ನಾನು ಕಿರುಚಿದ್ದು ನಿಜ. ಮುನ್ನೂರು ಗಜ ಕೆಳಗೆ ಓಕ್ ಮರದ ಬೇರುಗಳ ಸಂದಿಯಲ್ಲಿ ಒಳಚಡ್ಡಿಯಲ್ಲಿ ಮುದುಡಿ ಮಲಗಿದ್ದ ಅವರು ಸಿಕ್ಕರು. ಸೆಖೆ, ಫ್ಯಾನ್ ಹಾಕು ಎಂದು ಕನ್ನಡದಲ್ಲಿ ಹೇಳಿದರು. ಆ ಇಬ್ಬರು ನನ್ನ ಮುಖ ನೋಡಿದರು. ನಾನು ಅನುವಾದ ಮಾಡಲಿಲ್ಲ.

ದೇಹ ವಿಪರೀತ ತಣ್ಣಗಾದಾಗ ಕೆಲವರಿಗೆ ಉರಿದಂತಾಗಿ ತಾವೇ ಬಟ್ಟೆ ಕಿತ್ತೆಸೆಯುತ್ತಾರೆ ಎಂದು ಆಸ್ಪತ್ರೆಯ ಡಾಕ್ಟರ್ ಹೇಳಿದರು. ನಾನು ತಲೆಯಾಡಿಸಿದೆ. ಅರ್ಥವಾಯಿತೆಂದು ಹೇಳಲಾರೆ.

ಭಾನುವಾರ ಗುಲಾಮ್‌ಗೆ ಪೂರ್ತಿ ಎಚ್ಚರವಾಯಿತು. ಸೆಖೆಯಾದದ್ದಾಗಲಿ, ಎದ್ದು ಹೋದದ್ದಾಗಲಿ ಅವರಿಗೆ ನೆನಪಿಲ್ಲ. ಒದ್ದೆ ಪ್ಯಾಂಟು ಬಿಚ್ಚಿ ನನ್ನ ಜೀವ ಉಳಿಸಿದೆಯಲ್ಲ ಮಾರಾಯ ಎಂದು ನನ್ನ ಕೈ ಹಿಡಿದು ಅತ್ತರು. ಇರಲಿ ಬಿಡಿ ಎಂದುಬಿಟ್ಟೆ. ಅವರ ಹೆಂಡತಿ ಅಖ್ತರಿ ಬೇಗಮ್ ಅದನ್ನು ಕೇಳಿಸಿಕೊಂಡರು. ವರಾಂಡಕ್ಕೆ ಕರೆದು, ಬಿಚ್ಚಿದವರು ನೀವೇ ಆದರೆ ಆ ಚಳಿಯಲ್ಲಿ ಬರಿಮೈಯಲ್ಲಿ ಬಿಟ್ಟು ಯಾಕೆ ಹೋದಿರಿ ಎಂದು ಕೇಳಿದರು. ನಾನಲ್ಲ ಎಂದೆ. ಹಾಗಾದರೆ ಒಳಗೆ ಯಾಕೆ ಒಪ್ಪಿಕೊಂಡಿರಿ ಎಂದರು. ಅವರು ಆಮೇಲೆ ಪೊಲೀಸರಿಗೆ ದೂರು ಕೊಟ್ಟದ್ದು ಸರಿಯೇ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಡಾಕ್ಟರ ಮಾತನ್ನು ಅಖ್ತರಿ ಬೇಗಮ್ ಈಗ ನಂಬಿದ್ದಾರೆ, ದೂರು ಮುಂದುವರಿಸುವುದಿಲ್ಲ ಎಂದು ಅಧಿಕಾರಿ ಈಗಷ್ಟೇ ತಿಳಿಸಿದರು. ಆದರೂ ಬರೆಸುತ್ತೇನೆ ಎಂದು ನಾನೇ ಕೇಳಿಕೊಂಡೆ. ಗುಲಾಮ್ ನಾಳೆ ಡಿಸ್ಚಾರ್ಜ್ ಆಗುತ್ತಾರೆ. ಬಂದವರಿಗೆಲ್ಲ ನನ್ನನ್ನು ತೋರಿಸಿ ಜೀವ ಉಳಿಸಿದವನು ಎನ್ನುತ್ತಿದ್ದಾರೆ. ನಾನು ಅವರ ಪ್ಯಾಂಟು ಬಿಚ್ಚಲಿಲ್ಲ. ನಾನು ಅವರನ್ನು ಒಬ್ಬರನ್ನೇ ಬಿಟ್ಟು ಓಡಿದೆ.

ಇಷ್ಟು ನಾನು ಕಂಡಂತೆ ನಿಜ, ಕಾಣದ್ದನ್ನು ಸೇರಿಸಿಲ್ಲ. ನಿರುಪಮಾ ಅವರು ಓದಿ ಹೇಳಿದ್ದನ್ನು ಕೇಳಿ, ಸರಿಯೆಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಸ್ಯಾನ್ ಡಿಯೇಗೊ
ದಿನಾಂಕ: ೧೯-೧-೧೯೯೩
(ಸಹಿ) ಯೋಗೀಶ